ಎಸ್‌ಎಟಿ, ಎಸಿಟಿ ವ್ಯಾಕರಣ ಪ್ರಶ್ನೆಗಳು: ಕಿವಿಯನ್ನು ನಂಬದೆ ಉತ್ತರ ಹುಡುಕುವ ಬಗೆ

ಅಮೆರಿಕದ ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್‌ಎಟಿ ಮತ್ತು ಎಸಿಟಿ ಪರೀಕ್ಷೆಗಳಲ್ಲಿ ಕಡಿಮೆ ದಿನಗಳಲ್ಲಿ ಅಂಕ ಏರಿಸಿಕೊಳ್ಳಲು ಹೆಚ್ಚು ಅವಕಾಶ ಇರುವುದು ವ್ಯಾಕರಣ ಮತ್ತು ಬರವಣಿಗೆಯ ಪ್ರಶ್ನೆಗಳಲ್ಲಿ. ಓದಿನ ವೇಗವಾಗಲಿ ಶಬ್ದಸಂಪತ್ತಾಗಲಿ ಬೆಳೆಯಲು ವರ್ಷಗಳು ಬೇಕು. ವ್ಯಾಕರಣದ ಪ್ರಶ್ನೆಗಳು ಹಾಗಲ್ಲ. ಅವು ಬೆರಳೆಣಿಕೆಯ ನಿಯಮಗಳ ಸುತ್ತಲೇ ಸುತ್ತುತ್ತವೆ, ಅದೇ ಬಲೆಯನ್ನು ಬೇರೆ ಬೇರೆ ವಾಕ್ಯಗಳಲ್ಲಿ ಮತ್ತೆ ಮತ್ತೆ ಹರಡುತ್ತವೆ.

ಹೆಚ್ಚಿನವರು ಎಡವುವುದು ಒಂದೇ ಕಡೆ. ನಾಲ್ಕೂ ಆಯ್ಕೆಗಳನ್ನು ಮನಸ್ಸಿನಲ್ಲೇ ಓದಿಕೊಂಡು, ಕೇಳಲು ಯಾವುದು ಸರಿ ಅನಿಸುತ್ತದೋ ಅದನ್ನು ಒತ್ತುತ್ತಾರೆ. ಪ್ರಶ್ನೆ ತೆಗೆಯುವವರಿಗೆ ಇದು ಗೊತ್ತು. ಕಿವಿಗೆ ಹಿತವಾಗಿ ಕೇಳುವ ತಪ್ಪು ಆಯ್ಕೆಯನ್ನು ಬೇಕೆಂದೇ ಇಡುತ್ತಾರೆ. ಕನ್ನಡದಲ್ಲಿ ಬೆಳೆದವರಿಗಂತೂ ಕಿವಿ ಇನ್ನೂ ಅಪಾಯಕಾರಿ. ಆಡುಮಾತಿನಲ್ಲಿ ‘ಪುಸ್ತಕಗಳು ಇದೆ’ ಎಂದರೂ ಯಾರೂ ಹುಬ್ಬೇರಿಸುವುದಿಲ್ಲ. ಅದೇ ರೂಢಿಯ ಕಿವಿ ಇಂಗ್ಲಿಷಿನಲ್ಲಿ ಬಹುವಚನದ ಕರ್ತೃವಿಗೆ ಏಕವಚನದ ಕ್ರಿಯಾಪದ ಬಂದರೂ ಸುಮ್ಮನೆ ಬಿಟ್ಟುಬಿಡುತ್ತದೆ. ಒಂದು ಸಮಾಧಾನ ಏನೆಂದರೆ, ಇಂಗ್ಲಿಷನ್ನು ಶಾಲೆಯಲ್ಲಿ ನಿಯಮಗಳ ಮೂಲಕ ಕಲಿತವರು ಇಲ್ಲಿ ಹಿಂದೆ ಬೀಳಬೇಕಿಲ್ಲ. ಇಲ್ಲಿ ಗೆಲ್ಲುವುದು ವಾಕ್ಯದ ಎಲುಬುಗಳನ್ನು ಗುರುತಿಸುವ ಕಣ್ಣು.

ಪರೀಕ್ಷೆಯ ಈಗಿನ ರೂಪ

ಹಳೆಯ ಪುಸ್ತಕ ಇಟ್ಟುಕೊಂಡು ತಯಾರಾಗುವವರು ಮೊದಲು ಇದನ್ನು ತಿಳಿದಿರಬೇಕು. ಎಸ್‌ಎಟಿ 2023ರಲ್ಲಿ ಅಮೆರಿಕದ ಹೊರಗೂ 2024ರಲ್ಲಿ ಅಮೆರಿಕದ ಒಳಗೂ ಪೂರ್ತಿ ಡಿಜಿಟಲ್ ಆಯಿತು. ಓದು ಮತ್ತು ಬರವಣಿಗೆ ಈಗ ಒಂದೇ ವಿಭಾಗ: 32 ನಿಮಿಷದ ಎರಡು ಮಾಡ್ಯೂಲ್ (ಬಿಡಿ ಭಾಗ), ಒಂದೊಂದರಲ್ಲೂ 27 ಪ್ರಶ್ನೆ. ಉದ್ದುದ್ದ ಗದ್ಯಭಾಗಗಳು ಹೋಗಿವೆ. 25ರಿಂದ 150 ಪದಗಳ ಒಂದು ಚಿಕ್ಕ ತುಣುಕು, ಅದಕ್ಕೆ ಒಂದೇ ಪ್ರಶ್ನೆ. ಮೊದಲ ಮಾಡ್ಯೂಲನ್ನು ಹೇಗೆ ಬರೆದಿರಿ ಎಂಬುದರ ಮೇಲೆ ಎರಡನೆಯದು ಕಠಿಣವೋ ಸುಲಭವೋ ಎಂದು ತೀರ್ಮಾನವಾಗುತ್ತದೆ. ಸುಲಭದ ಮಾಡ್ಯೂಲ್ ಸಿಕ್ಕರೆ ಅತಿ ಹೆಚ್ಚಿನ ಅಂಕದ ಬಾಗಿಲು ಮುಚ್ಚಿದಂತೆ. ಆದ್ದರಿಂದ ಮೊದಲ ಮಾಡ್ಯೂಲಿನಲ್ಲಿ ವ್ಯಾಕರಣದ ಸುಲಭ ಪ್ರಶ್ನೆಗಳನ್ನು ಅವಸರದಲ್ಲಿ ಕಳೆದುಕೊಳ್ಳುವುದು ದುಬಾರಿ.

ಎಸಿಟಿಯ ಇಂಗ್ಲಿಷ್ ವಿಭಾಗವೂ 2025ರಲ್ಲಿ ಬದಲಾಗಿದೆ. ಮೊದಲು 45 ನಿಮಿಷಕ್ಕೆ 75 ಪ್ರಶ್ನೆ ಇತ್ತು, ಹೊಸ ರೂಪದಲ್ಲಿ 35 ನಿಮಿಷಕ್ಕೆ 50. ಇಲ್ಲಿ ಗದ್ಯಭಾಗದೊಳಗೇ ಕೆಲವು ಪದಗಳಿಗೆ ಅಡಿಗೆರೆ ಹಾಕಿ ಪ್ರಶ್ನೆ ಕೇಳುತ್ತಾರೆ, ‘ನೋ ಚೇಂಜ್’ ಎಂಬ ಆಯ್ಕೆಯೂ ಇರುತ್ತದೆ. ಎಸ್‌ಎಟಿಯಲ್ಲಿ ಅದು ಇಲ್ಲ, ಬರೀ ಖಾಲಿ ಜಾಗ ತುಂಬುವುದು.

ಎರಡರಲ್ಲೂ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಡಿ.

ಮೊದಲು ಆಯ್ಕೆಗಳನ್ನು ನೋಡಿ, ಆಮೇಲೆ ವಾಕ್ಯ

ಓದಿನ ಪ್ರಶ್ನೆಗಳಿಗೆ ಇದು ಕೆಟ್ಟ ಸಲಹೆ, ವ್ಯಾಕರಣಕ್ಕೆ ಇದೇ ಸರಿಯಾದ ಕ್ರಮ. ನಾಲ್ಕು ಆಯ್ಕೆಗಳ ನಡುವೆ ಏನು ಬದಲಾಗುತ್ತಿದೆ ಎಂದು ನೋಡಿದರೆ ಯಾವ ನಿಯಮವನ್ನು ಪರೀಕ್ಷಿಸುತ್ತಿದ್ದಾರೆ ಎಂಬುದು ಐದು ಸೆಕೆಂಡಿನಲ್ಲಿ ತಿಳಿಯುತ್ತದೆ.

ಪದಗಳು ಅವೇ ಇದ್ದು ಕಾಮಾ, ಸೆಮಿಕೋಲನ್, ಫುಲ್‌ಸ್ಟಾಪ್ ಮಾತ್ರ ಬದಲಾಗುತ್ತಿದ್ದರೆ ಅದು ವಾಕ್ಯದ ಗಡಿಯ ಪ್ರಶ್ನೆ. ಒಂದೇ ಕ್ರಿಯಾಪದದ ನಾಲ್ಕು ರೂಪಗಳಿದ್ದರೆ ವಚನ, ಕಾಲ, ಇಲ್ಲವೇ ಪೂರ್ಣ ಕ್ರಿಯಾಪದ ಇದೆಯೇ ಇಲ್ಲವೇ ಎಂಬುದು. ನಾಲ್ಕು ಆಯ್ಕೆಗಳೂ ಉದ್ದವಾಗಿದ್ದು ಬೇರೆ ಬೇರೆ ನಾಮಪದದಿಂದ ಶುರುವಾಗುತ್ತಿದ್ದರೆ ಹೆಚ್ಚಾಗಿ ಜೋತಾಡುವ ವಿಶೇಷಣದ, ಅಂದರೆ ತಪ್ಪು ನಾಮಪದಕ್ಕೆ ಅಂಟಿಕೊಂಡ ವರ್ಣನೆಯ ಪ್ರಶ್ನೆ. ‘ಹೌಎವರ್’, ‘ದೇರ್‌ಫೋರ್’, ‘ಫಾರ್ ಎಗ್ಸಾಂಪಲ್’ ಎಂದು ಸಾಲಾಗಿ ನಿಂತಿದ್ದರೆ ಅಲ್ಲಿ ವ್ಯಾಕರಣದ ಮಾತೇ ಇಲ್ಲ, ಅರ್ಥದ ಮಾತು. ಈ ಗುರುತಿಸುವಿಕೆ ಆದ ಮೇಲೆ ವಾಕ್ಯವನ್ನು ಓದಿ. ಖಾಲಿ ಜಾಗದವರೆಗೆ ಓದಿ ನಿಲ್ಲಬೇಡಿ, ಫುಲ್‌ಸ್ಟಾಪ್‌ವರೆಗೆ ಓದಿ. ಬಲೆ ಸಾಮಾನ್ಯವಾಗಿ ಖಾಲಿ ಜಾಗದ ಬಲಗಡೆ ಇರುತ್ತದೆ.

ವಾಕ್ಯದ ಗಡಿ: ಹೆಚ್ಚು ಅಂಕ ಇರುವುದು ಇಲ್ಲೇ

ಇದೊಂದನ್ನು ಗಟ್ಟಿ ಮಾಡಿಕೊಂಡರೆ ವ್ಯಾಕರಣದ ಪ್ರಶ್ನೆಗಳಲ್ಲಿ ದೊಡ್ಡ ಪಾಲು ಕೈಗೆ ಬಂದಂತೆ. ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಚಿಹ್ನೆಯ ಎಡಗಡೆ ಇರುವುದು ತಾನಾಗಿ ನಿಲ್ಲಬಲ್ಲ ಪೂರ್ಣ ವಾಕ್ಯವೇ? ಬಲಗಡೆ ಇರುವುದು?

ಎರಡೂ ಪೂರ್ಣ ವಾಕ್ಯಗಳಾಗಿದ್ದರೆ ಬರೀ ಕಾಮಾ ಸಾಲದು. ಈ ವಾಕ್ಯ ನೋಡಿ:

‘ದಿ ಟೆಲಿಸ್ಕೋಪ್ ವಾಸ್ ಸ್ಮಾಲ್, ಇಟ್ ಶೋಡ್ ಗೆಲಿಲಿಯೋ ದಿ ಮೂನ್ಸ್ ಆಫ್ ಜುಪಿಟರ್.’

ಕಿವಿಗೆ ಏನೂ ತೊಂದರೆ ಇಲ್ಲ. ಕನ್ನಡದಲ್ಲೂ ಹೀಗೆ ಕಾಮಾ ಹಾಕಿ ಎರಡು ವಾಕ್ಯ ಸೇರಿಸಿ ಬರೆಯುತ್ತೇವೆ, ಯಾರೂ ಆಕ್ಷೇಪಿಸುವುದಿಲ್ಲ. ಈ ಪರೀಕ್ಷೆಗಳಲ್ಲಿ ಮಾತ್ರ ಅದು ಯಾವಾಗಲೂ ತಪ್ಪು. ಸರಿಪಡಿಸಲು ದಾರಿಗಳು ಇಷ್ಟು: ಫುಲ್‌ಸ್ಟಾಪ್, ಸೆಮಿಕೋಲನ್, ಕಾಮಾದ ಜೊತೆ ‘ಫಾರ್, ಆ್ಯಂಡ್, ನಾರ್, ಬಟ್, ಆರ್, ಯೆಟ್, ಸೋ’ ಎಂಬ ಏಳರಲ್ಲಿ ಒಂದು, ಎರಡನೆಯ ವಾಕ್ಯ ಮೊದಲನೆಯದನ್ನು ವಿವರಿಸುವಂತಿದ್ದರೆ ಕೋಲನ್ ಅಥವಾ ಡ್ಯಾಶ್. ಇಲ್ಲವೇ ಒಂದು ವಾಕ್ಯದ ಮುಂದೆ ‘ಆಲ್ದೋ’ ಸೇರಿಸಿ ಅದನ್ನು ಅಪೂರ್ಣ ಮಾಡಿಬಿಡುವುದು. ‘ಹೌಎವರ್’, ‘ದೇರ್‌ಫೋರ್’, ‘ಮೋರ್‌ಓವರ್’ ಆ ಏಳರ ಪಟ್ಟಿಯಲ್ಲಿ ಇಲ್ಲ ಎಂಬುದನ್ನು ಮರೆಯಬೇಡಿ. ‘ಕಾಮಾ, ಹೌಎವರ್, ಕಾಮಾ’ ಹಾಕಿ ಎರಡು ಪೂರ್ಣ ವಾಕ್ಯಗಳನ್ನು ಹೊಲಿದಿರುವ ಆಯ್ಕೆ ಬಹಳ ಜನರನ್ನು ಬೀಳಿಸುತ್ತದೆ.

ಫುಲ್‌ಸ್ಟಾಪ್ ಮತ್ತು ಸೆಮಿಕೋಲನ್ ಈ ಪರೀಕ್ಷೆಗಳ ಮಟ್ಟಿಗೆ ಒಂದೇ ಕೆಲಸ ಮಾಡುತ್ತವೆ. ಹಾಗಾಗಿ ಅದೇ ಜಾಗದಲ್ಲಿ ಒಂದು ಆಯ್ಕೆಯಲ್ಲಿ ಫುಲ್‌ಸ್ಟಾಪ್, ಇನ್ನೊಂದರಲ್ಲಿ ಸೆಮಿಕೋಲನ್ ಇದ್ದು ಉಳಿದದ್ದೆಲ್ಲ ಒಂದೇ ಆಗಿದ್ದರೆ ಎರಡನ್ನೂ ಹೊಡೆದುಹಾಕಿ. ಎರಡು ಸರಿಯುತ್ತರ ಇರಲು ಸಾಧ್ಯವಿಲ್ಲವಲ್ಲ.

ಕಠಿಣ ಪ್ರಶ್ನೆಗಳಲ್ಲಿ ‘ಹೌಎವರ್’ ಯಾವ ಪಕ್ಕಕ್ಕೆ ಸೇರಿದ್ದು ಎಂದು ಕೇಳುತ್ತಾರೆ. ಇದಕ್ಕೆ ವ್ಯಾಕರಣ ಸಾಲದು, ಹಿಂದಿನ ವಾಕ್ಯದ ಅರ್ಥವೂ ಬೇಕು. ಗಮನಿಸಿ:

‘ಮೆನಿ ಥಾಟ್ ದಿ ಪ್ಲಾಂಟ್ ವಾಸ್ ಎಕ್ಸ್‌ಟಿಂಕ್ಟ್. ಇಟ್ ವಾಸ್ ನಾಟ್, ಹೌಎವರ್; ಎ ಫ್ಯೂ ಸ್ಪೆಸಿಮೆನ್ಸ್ ಸರ್ವೈವ್ಡ್ ಆನ್ ಎ ಕ್ಲಿಫ್.’

ಗಿಡ ಅಳಿದುಹೋಯಿತು ಎಂದು ಜನ ನಂಬಿದ್ದರು, ಆದರೆ ಅಳಿದಿರಲಿಲ್ಲ. ವಿರೋಧ ಇರುವುದು ಈ ಎರಡರ ನಡುವೆ. ಬಂಡೆಯ ಮೇಲೆ ಕೆಲವು ಉಳಿದಿದ್ದವು ಎಂಬುದು ‘ಅಳಿದಿರಲಿಲ್ಲ’ ಎಂಬುದಕ್ಕೆ ವಿವರಣೆ, ವಿರೋಧವಲ್ಲ. ಆದ್ದರಿಂದ ‘ಹೌಎವರ್’ ಎಡಗಡೆಗೆ ಸೇರಬೇಕು, ಸೆಮಿಕೋಲನ್ ಅದರ ನಂತರ ಬರಬೇಕು. ರೂಢಿಯಂತೆ ಸೆಮಿಕೋಲನ್ನಿನ ಆಚೆಗೆ ‘ಹೌಎವರ್’ ಇಟ್ಟರೆ ವ್ಯಾಕರಣ ಸರಿಯೇ ಇರುತ್ತದೆ, ಅರ್ಥ ಕೆಡುತ್ತದೆ. ಒಳ್ಳೆಯ ಅಂಕ ತೆಗೆಯುವವರೂ ತಪ್ಪು ಮಾಡುವ ಜಾಗ ಇದು.

ಕೋಲನ್ನಿಗೆ ನಿಯಮ ಇರುವುದು ಎಡಗಡೆ ಮಾತ್ರ: ಅದರ ಹಿಂದೆ ಪೂರ್ಣ ವಾಕ್ಯ ಇರಲೇಬೇಕು. ಮುಂದೆ ಪಟ್ಟಿ ಬರಬಹುದು, ಒಂದೇ ಪದ ಬರಬಹುದು, ಇನ್ನೊಂದು ವಾಕ್ಯವೂ ಬರಬಹುದು. ‘ದಿ ಕಿಟ್ ಕಂಟೇನ್ಸ್: ಎ ಮ್ಯಾಪ್, ಎ ಕಂಪಾಸ್, ಆ್ಯಂಡ್ ಎ ರೋಪ್’ ತಪ್ಪು, ಏಕೆಂದರೆ ‘ದಿ ಕಿಟ್ ಕಂಟೇನ್ಸ್’ ಎಂಬಲ್ಲಿಗೆ ಮಾತು ಮುಗಿದಿಲ್ಲ. ‘ದಿ ಕಿಟ್ ಕಂಟೇನ್ಸ್ ತ್ರೀ ಥಿಂಗ್ಸ್: ಎ ಮ್ಯಾಪ್, ಎ ಕಂಪಾಸ್, ಆ್ಯಂಡ್ ಎ ರೋಪ್’ ಸರಿ. ‘ಸಚ್ ಆ್ಯಸ್’, ‘ಇನ್‌ಕ್ಲೂಡಿಂಗ್’ ಪದಗಳ ಬೆನ್ನಿಗೇ ಕೋಲನ್ ಕಂಡರೆ ಯೋಚಿಸದೆ ತೆಗೆದುಹಾಕಿ.

ಸೆಮಿಕೋಲನ್ನಿಗೆ ಇನ್ನೊಂದು ಕೆಲಸವೂ ಇದೆ. ಪಟ್ಟಿಯ ಒಂದೊಂದು ಅಂಶದೊಳಗೂ ಕಾಮಾ ಇದ್ದಾಗ ಅಂಶಗಳನ್ನು ಬೇರ್ಪಡಿಸಲು ಅದನ್ನು ಬಳಸುತ್ತಾರೆ: ‘ಪ್ಯಾರಿಸ್, ಫ್ರಾನ್ಸ್; ರೋಮ್, ಇಟಲಿ; ಆ್ಯಂಡ್ ಅಥೆನ್ಸ್, ಗ್ರೀಸ್’. ವಾಕ್ಯದಲ್ಲಿ ಮುಂದೆಲ್ಲೋ ಒಂದು ಸೆಮಿಕೋಲನ್ ಆಗಲೇ ಅಚ್ಚಾಗಿದ್ದರೆ, ಖಾಲಿ ಜಾಗದಲ್ಲೂ ಅದೇ ಬರಬೇಕೇ ಎಂದು ನೋಡಿ.

ನಂತರ ಬರುವುದು ಹೆಚ್ಚುವರಿ ಮಾಹಿತಿಯ ತುಂಡು, ಅಂದರೆ ತೆಗೆದರೂ ವಾಕ್ಯ ನಿಲ್ಲುವ ಭಾಗ. ಅದಕ್ಕೆ ಎರಡೂ ಕಡೆ ಬೇಲಿ ಬೇಕು, ಎರಡೂ ಬೇಲಿ ಒಂದೇ ಜಾತಿಯದಾಗಿರಬೇಕು. ‘ದಿ ಬ್ರೂಕ್ಲಿನ್ ಬ್ರಿಡ್ಜ್, ವಿಚ್ ಓಪನ್ಡ್ ಇನ್ 1883, ಸ್ಟಿಲ್ ಕ್ಯಾರೀಸ್ ಟ್ರಾಫಿಕ್’ ಎಂಬಲ್ಲಿ ಮೊದಲ ಕಾಮಾ ಇದ್ದರೆ ಎರಡನೆಯದೂ ಕಾಮಾವೇ ಆಗಬೇಕು. ಡ್ಯಾಶಿನಿಂದ ತೆರೆದರೆ ಡ್ಯಾಶಿನಿಂದಲೇ ಮುಚ್ಚಬೇಕು. ಪ್ರಶ್ನೆಯಲ್ಲಿ ಒಂದು ತುದಿಯ ಚಿಹ್ನೆಯನ್ನು ಅಚ್ಚು ಮಾಡಿ ಇನ್ನೊಂದನ್ನು ಮಾತ್ರ ಕೇಳುತ್ತಾರೆ. ಅಚ್ಚಾದ ಚಿಹ್ನೆ ಎಷ್ಟೋ ಸಲ ಖಾಲಿ ಜಾಗದಿಂದ ಹತ್ತು ಪದ ದೂರದಲ್ಲಿರುತ್ತದೆ, ಹುಡುಕಿ ನೋಡಬೇಕು. ಆ ತುಂಡನ್ನು ಬೆರಳಿನಿಂದ ಮುಚ್ಚಿ ಉಳಿದದ್ದನ್ನು ಓದುವುದು ಒಳ್ಳೆಯ ಪರೀಕ್ಷೆ.

ಹುದ್ದೆ ಮತ್ತು ಹೆಸರು ಜೊತೆಯಾಗಿ ಬಂದಾಗ ಜನ ಸುಮ್ಮಸುಮ್ಮನೆ ಕಾಮಾ ಹಾಕುತ್ತಾರೆ. ‘ಫಿಸಿಸಿಸ್ಟ್ ಮೇರಿ ಕ್ಯೂರಿ ವನ್ ಟೂ ನೊಬೆಲ್ ಪ್ರೈಜಸ್’ ಎಂಬಲ್ಲಿ ಕಾಮಾ ಒಂದೂ ಬೇಡ. ಹೆಸರನ್ನು ತೆಗೆದರೆ ‘ಫಿಸಿಸಿಸ್ಟ್ ವನ್’ ಎಂಬ ಮುರಿದ ವಾಕ್ಯ ಉಳಿಯುತ್ತದೆ, ಆದ್ದರಿಂದ ಹೆಸರು ಬೇಕೇ ಬೇಕಾದ ಭಾಗ. ಇಂಥ ಕಡೆ ಒಂದೇ ಕಾಮಾ ಇರುವ ಆಯ್ಕೆ ಬಹುತೇಕ ಯಾವಾಗಲೂ ತಪ್ಪು. ಒಂದೋ ಎರಡಿರಬೇಕು, ಇಲ್ಲವೇ ಒಂದೂ ಇರಬಾರದು.

ಎಲ್ಲಿ ಯಾವ ಚಿಹ್ನೆಯೂ ಬೇಡ ಎಂಬುದನ್ನೂ ಅಷ್ಟೇ ಗಂಭೀರವಾಗಿ ಕೇಳುತ್ತಾರೆ. ಕರ್ತೃ ಮತ್ತು ಅದರ ಕ್ರಿಯಾಪದದ ನಡುವೆ, ಕ್ರಿಯಾಪದ ಮತ್ತು ಕರ್ಮದ ನಡುವೆ ಒಂಟಿ ಕಾಮಾ ಬರುವುದಿಲ್ಲ. ಕರ್ತೃ ಎರಡು ಸಾಲು ಉದ್ದವಿದ್ದರೂ ಅಷ್ಟೇ. ಉಸಿರು ತೆಗೆದುಕೊಳ್ಳುವಲ್ಲಿ ಕಾಮಾ ಹಾಕಬೇಕು ಎಂದು ಚಿಕ್ಕಂದಿನಲ್ಲಿ ಕೇಳಿದ ಪಾಠವನ್ನು ಇಲ್ಲಿ ಮರೆತುಬಿಡಿ.

ಪ್ರಶ್ನಾರ್ಥಕ ಚಿಹ್ನೆಯ ಬಗ್ಗೆ ಒಂದು ಮಾತು. ‘ಸೈಂಟಿಸ್ಟ್ಸ್ ವಂಡರ್ಡ್ ವೆದರ್ ದಿ ಲೇಕ್ ವುಡ್ ಫ್ರೀಜ್’ ಎಂಬುದು ಪ್ರಶ್ನೆಯ ವರದಿ, ಪ್ರಶ್ನೆಯಲ್ಲ. ಅಲ್ಲಿ ಫುಲ್‌ಸ್ಟಾಪ್. ಪದಗಳ ಕ್ರಮವೂ ಸಾಧಾರಣ ವಾಕ್ಯದ್ದೇ ಆಗಿರಬೇಕು: ‘ವುಡ್ ದಿ ಲೇಕ್’ ಎಂದಲ್ಲ, ‘ದಿ ಲೇಕ್ ವುಡ್’ ಎಂದು.

ಕ್ರಿಯಾಪದ: ಮೂರು ಪ್ರಶ್ನೆ, ಈ ಕ್ರಮದಲ್ಲೇ

ಮೊದಲನೆಯದು: ವಾಕ್ಯಕ್ಕೆ ಪೂರ್ಣ ಕ್ರಿಯಾಪದ ಈಗಾಗಲೇ ಇದೆಯೇ? ಕನ್ನಡದಲ್ಲಿ ‘ಹೋಗಿ, ನೋಡಿ, ಬಂದು’ ಎಂದು ಅಪೂರ್ಣ ಕ್ರಿಯೆಗಳ ಸರಪಣಿ ಎಷ್ಟು ಉದ್ದವಾದರೂ ಸಾಗುತ್ತದೆ, ಹಾಗಾಗಿ ಇಂಗ್ಲಿಷಿನ ‘ಇಂಗ್’ ರೂಪವನ್ನು ಕಂಡಾಗ ನಮಗೆ ಏನೋ ಕೊರತೆಯಿದೆ ಎಂದು ಅನಿಸುವುದೇ ಇಲ್ಲ.

‘ದಿ ಬಯಾಲಜಿಸ್ಟ್, ಹೂ ಸ್ಟಡೀಡ್ ಕೋರಲ್ ರೀಫ್ಸ್ ಫಾರ್ ಡಿಕೇಡ್ಸ್, ____ ಎ ನ್ಯೂ ಸ್ಪೀಶೀಸ್.’

ಆಯ್ಕೆಗಳು: ಡಿಸ್ಕವರಿಂಗ್, ಹ್ಯಾವಿಂಗ್ ಡಿಸ್ಕವರ್ಡ್, ಟು ಡಿಸ್ಕವರ್, ಡಿಸ್ಕವರ್ಡ್. ಕಾಮಾಗಳ ನಡುವಿನ ‘ಸ್ಟಡೀಡ್’ ಕ್ರಿಯಾಪದವೇ ಹೌದು, ಆದರೆ ಅದು ‘ಹೂ’ಗೆ ಸೇರಿದ್ದು. ಬೇಲಿಯೊಳಗಿನದನ್ನು ತೆಗೆದರೆ ‘ದಿ ಬಯಾಲಜಿಸ್ಟ್’ಗೆ ಕ್ರಿಯಾಪದವೇ ಇಲ್ಲ. ಮೊದಲ ಮೂರೂ ಅಪೂರ್ಣ ರೂಪಗಳು, ಆದ್ದರಿಂದ ಉತ್ತರ ‘ಡಿಸ್ಕವರ್ಡ್’. ಇದರ ಉಲ್ಟಾ ಪ್ರಶ್ನೆಯೂ ಬರುತ್ತದೆ: ಪೂರ್ಣ ಕ್ರಿಯಾಪದ ಆಗಲೇ ಇದ್ದು, ಖಾಲಿ ಜಾಗದಲ್ಲಿ ಇನ್ನೊಂದನ್ನು ಹಾಕಿದರೆ ಎರಡು ವಾಕ್ಯ ಕಾಮಾದಿಂದ ಅಂಟಿಕೊಳ್ಳುತ್ತವೆ. ಅಲ್ಲಿ ‘ಇಂಗ್’ ರೂಪವೇ ಸರಿ.

ಎರಡನೆಯದು ವಚನ. ಆಯ್ಕೆಗಳಲ್ಲಿ ಮೂರು ಬಹುವಚನ, ಒಂದು ಏಕವಚನ ಇದ್ದರೆ, ಅಥವಾ ಇದರ ಉಲ್ಟಾ ಇದ್ದರೆ, ಕಾಲದ ಬಗ್ಗೆ ತಲೆ ಕೆಡಿಸಿಕೊಳ್ಳುವ ಮೊದಲು ಕರ್ತೃವನ್ನು ಹುಡುಕಿ. ‘ದಿ ಕಲೆಕ್ಷನ್ ಆಫ್ ಲೆಟರ್ಸ್ ರಿಟನ್ ಬೈ ದಿ ಸೋಲ್ಜರ್ಸ್ ____ ಇನ್ ದಿ ಮ್ಯೂಸಿಯಂ’ ಎಂಬ ವಾಕ್ಯಕ್ಕೆ ‘ಆರ್, ವರ್, ಹ್ಯಾವ್ ಬೀನ್, ಈಸ್’ ಎಂಬ ಆಯ್ಕೆಗಳಿದ್ದರೆ ‘ಈಸ್’ ಒಂದೇ ಬೇರೆ ಜಾತಿ. ‘ಆಫ್’ನಿಂದ ಶುರುವಾದ ಭಾಗವನ್ನು ಹೊಡೆದುಹಾಕಿ, ಉಳಿಯುವುದು ‘ದಿ ಕಲೆಕ್ಷನ್’, ಏಕವಚನ. ಪಕ್ಕದಲ್ಲೇ ‘ಸೋಲ್ಜರ್ಸ್’ ಇಟ್ಟಿರುವುದು ಕಿವಿಯನ್ನು ಎಳೆಯಲಿಕ್ಕೆ. ‘ಈಚ್’, ‘ಎವ್ರಿ’, ‘ಒನ್ ಆಫ್’ ಏಕವಚನ. ‘ದಿ ನಂಬರ್ ಆಫ್’ ಏಕವಚನ, ‘ಎ ನಂಬರ್ ಆಫ್’ ಬಹುವಚನ. ‘ಟೀಮ್’, ‘ಕಮಿಟಿ’ ಅಮೆರಿಕದ ಇಂಗ್ಲಿಷಿನಲ್ಲಿ ಏಕವಚನ. ತಲೆಕೆಳಗಾದ ವಾಕ್ಯಗಳಲ್ಲಿ ಕರ್ತೃ ಕ್ರಿಯಾಪದದ ನಂತರ ಬರುತ್ತದೆ: ‘ಬಿನೀತ್ ದಿ ಫ್ಲೋರ್ ವರ್ ಟೂ ಕಾಯಿನ್ಸ್’. ಇಲ್ಲಿ ‘ಫ್ಲೋರ್’ ಕರ್ತೃವಲ್ಲ.

ಕೊನೆಯದು ಕಾಲ. ನಾಲ್ಕೂ ಒಂದೇ ವಚನದವಾದರೆ ಮಾತ್ರ ಇಲ್ಲಿಗೆ ಬನ್ನಿ. ತುಣುಕಿನಲ್ಲಿರುವ ಇತರ ಕ್ರಿಯಾಪದಗಳು ಮತ್ತು ಇಸವಿಗಳು ದಾರಿ ತೋರಿಸುತ್ತವೆ. ಕಥೆ, ಕಾದಂಬರಿ, ಕವಿತೆಯೊಳಗೆ ನಡೆಯುವುದನ್ನು ಹೇಳುವಾಗ ವರ್ತಮಾನಕಾಲ ರೂಢಿ, ಕೃತಿ ಎಷ್ಟು ಹಳೆಯದಾದರೂ ಸರಿ.

ಜೋತಾಡುವ ವಿಶೇಷಣ, ಸರ್ವನಾಮ, ಅಪಾಸ್ಟ್ರಫಿ

ವಾಕ್ಯ ಒಂದು ವರ್ಣನೆಯಿಂದ ಶುರುವಾಗಿ ಕಾಮಾ ಬಂದರೆ, ಕಾಮಾದ ನಂತರದ ಮೊದಲ ನಾಮಪದ ಆ ವರ್ಣನೆಗೆ ತಕ್ಕ ವ್ಯಕ್ತಿ ಅಥವಾ ವಸ್ತು ಆಗಿರಲೇಬೇಕು. ‘ಬಾರ್ನ್ ಇನ್ ವಾರ್ಸಾ ಇನ್ 1867, ಮೇರಿ ಕ್ಯೂರೀಸ್ ರಿಸರ್ಚ್...’ ಎಂದರೆ ವಾರ್ಸಾದಲ್ಲಿ ಹುಟ್ಟಿದ್ದು ಸಂಶೋಧನೆ ಎಂದಾಯಿತು. ಹೆಸರು ಕಾಣುತ್ತಿದೆ ಎಂದು ಜನ ಇದನ್ನು ಒತ್ತಿಬಿಡುತ್ತಾರೆ. ಅಪಾಸ್ಟ್ರಫಿ ಹಚ್ಚಿದ ಹೆಸರು ವ್ಯಕ್ತಿಯಲ್ಲ. ಸರಿಯಾದ ಆಯ್ಕೆ ಬರೀ ‘ಮೇರಿ ಕ್ಯೂರಿ’ಯಿಂದ ಶುರುವಾಗುತ್ತದೆ. ಈ ಬಗೆಯ ಪ್ರಶ್ನೆಗೆ ಆಯ್ಕೆಗಳನ್ನು ಪೂರ್ತಿ ಓದುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ, ಮೊದಲ ಎರಡು ಮೂರು ಪದ ಸಾಕು.

ಸರ್ವನಾಮದ ಪ್ರಶ್ನೆಯಲ್ಲಿ ಅದು ಯಾವ ನಾಮಪದದ ಬದಲಿಗೆ ಬಂದಿದೆ ಎಂದು ಬೆರಳಿಟ್ಟು ತೋರಿಸಿ. ಒಂದು ಸಂಸ್ಥೆ, ಒಂದು ದೇಶ, ಒಂದು ಪ್ರಾಣಿಜಾತಿ ಬಂದರೆ ‘ಇಟ್’. ಮಾತಿನಲ್ಲಿ ‘ದೇ’ ಅನ್ನುತ್ತೇವೆ, ಬರಹದಲ್ಲಿ ಒಪ್ಪುವುದಿಲ್ಲ. ಅಪಾಸ್ಟ್ರಫಿ ಇಲ್ಲದ ‘ಇಟ್ಸ್’ ಅಂದರೆ ‘ಅದರ’. ಅಪಾಸ್ಟ್ರಫಿ ಇದ್ದರೆ ‘ಇಟ್ ಈಸ್’ ಅಥವಾ ‘ಇಟ್ ಹ್ಯಾಸ್’. ಬಿಡಿಸಿ ಓದಿದಾಗ ಅರ್ಥ ನಿಂತರೆ ಮಾತ್ರ ಅಪಾಸ್ಟ್ರಫಿ. ಎಸ್ ಅಕ್ಷರದ ನಂತರ ಅಪಾಸ್ಟ್ರಫಿ ಇರುವ ‘ಇಟ್ಸ್’ ಎಂಬ ಪದವೇ ಇಂಗ್ಲಿಷಿನಲ್ಲಿ ಇಲ್ಲ. ನಾಮಪದಗಳಲ್ಲಿ ಎರಡು ಹೆಜ್ಜೆ: ಒಡೆತನದ ಅರ್ಥ ಇದೆಯೇ, ಒಡೆಯರು ಒಬ್ಬರೇ ಹಲವರೇ. ಒಬ್ಬರಾದರೆ ಎಸ್‌ಗೆ ಮೊದಲು, ಹಲವರಾದರೆ ಸಾಮಾನ್ಯವಾಗಿ ಎಸ್‌ ನಂತರ. ಎರಡು ನಾಮಪದ ಪಕ್ಕಪಕ್ಕ ಬಂದಾಗ ಎರಡನೆಯದಕ್ಕೂ ಅಪಾಸ್ಟ್ರಫಿ ಹಚ್ಚಿರುವ ಆಯ್ಕೆ ಇರುತ್ತದೆ. ಅದು ಏನನ್ನಾದರೂ ಹೊಂದಿದೆಯೇ ಎಂದು ಕೇಳಿ, ಹೆಚ್ಚಾಗಿ ಇಲ್ಲ.

ಜೋಡಿಸುವ ಪದಗಳು

ಇಲ್ಲಿ ಪ್ರಶ್ನೆಯ ಬಗೆ ಗುರುತಿಸಿದ ಕೂಡಲೇ ಆಯ್ಕೆಗಳನ್ನು ಕೈಯಿಂದ ಮುಚ್ಚಿ. ಹಿಂದಿನ ವಾಕ್ಯ ಏನು ಹೇಳಿತು, ಈ ವಾಕ್ಯ ಏನು ಹೇಳುತ್ತದೆ ಎಂದು ಕನ್ನಡದಲ್ಲೇ ಚಿಕ್ಕದಾಗಿ ಹೇಳಿಕೊಳ್ಳಿ, ನಡುವೆ ‘ಆದರೆ’, ‘ಆದ್ದರಿಂದ’, ‘ಉದಾಹರಣೆಗೆ’, ‘ಜೊತೆಗೆ’, ‘ಆಮೇಲೆ’ ಇವುಗಳಲ್ಲಿ ಯಾವುದು ಕೂರುತ್ತದೆ ನೋಡಿ. ‘ಜೇನುನೊಣಗಳಿಗೆ ನೀಲಿ, ಹಳದಿ ಕಾಣುತ್ತವೆ. ____ ಕೆಂಪು ಕಾಣುವುದಿಲ್ಲ.’ ‘ಆದರೆ’. ಆಮೇಲೆ ಮಾತ್ರ ಆಯ್ಕೆಗಳನ್ನು ತೆರೆದು ಆ ಗುಂಪಿಗೆ ಸೇರದವನ್ನು ತೆಗೆಯಿರಿ. ಯಾವ ಪದವೂ ಇಲ್ಲದೆ ವಾಕ್ಯ ಓದಿ ಅರ್ಥ ಮಾಡಿಕೊಳ್ಳುವುದೇ ಮುಖ್ಯ. ಪದ ಹಾಕಿ ಓದಿದರೆ ನಾಲ್ಕೂ ಸರಿ ಅನಿಸತೊಡಗುತ್ತವೆ.

ತೊಂದರೆ ಕೊಡುವವು ಒಂದೇ ಗುಂಪಿನ ಒಳಗಿನ ವ್ಯತ್ಯಾಸಗಳು. ‘ಸಬ್‌ಸಿಕ್ವೆಂಟ್ಲಿ’ ಬರೀ ಕಾಲದ ಕ್ರಮ, ‘ಕಾನ್ಸಿಕ್ವೆಂಟ್ಲಿ’ ಕಾರಣದಿಂದ ಬಂದ ಫಲ. ‘ನೆವರ್‌ದಿಲೆಸ್’ ಅಂದರೆ ಹಾಗಿದ್ದರೂ. ‘ಬೈ ಕಾಂಟ್ರಾಸ್ಟ್’ ಎರಡು ಬೇರೆ ಸಂಗತಿಗಳನ್ನು ಎದುರುಬದುರು ಇಡುತ್ತದೆ. ‘ಇನ್‌ಸ್ಟೆಡ್’ ಬರಬೇಕಾದರೆ ಹಿಂದೆ ಒಂದು ದಾರಿಯನ್ನು ಬಿಟ್ಟಿರಬೇಕು ಅಥವಾ ಅಲ್ಲಗಳೆದಿರಬೇಕು. ‘ಸ್ಪೆಸಿಫಿಕಲಿ’ ಹೇಳಿದ್ದನ್ನೇ ಬಿಡಿಸಿ ಖಚಿತ ಮಾಡುತ್ತದೆ, ‘ಫಾರ್ ಎಗ್ಸಾಂಪಲ್’ ಹಲವುಗಳಲ್ಲಿ ಒಂದನ್ನು ಎತ್ತಿ ತೋರಿಸುತ್ತದೆ. ‘ಇಂಡೀಡ್’, ‘ಇನ್ ಫ್ಯಾಕ್ಟ್’ ಹಿಂದಿನ ಮಾತನ್ನೇ ಇನ್ನೂ ಒತ್ತಿ ಹೇಳುವಾಗ. ‘ಟು ದಟ್ ಎಂಡ್’ ಹಿಂದೆ ಒಂದು ಗುರಿ ಹೇಳಿದ್ದು, ಈಗ ಅದಕ್ಕಾಗಿ ಮಾಡಿದ ಕೆಲಸ ಹೇಳುವಾಗ. ‘ಇನ್ ಟರ್ನ್’ ಒಂದರಿಂದ ಎರಡು, ಎರಡರಿಂದ ಮೂರು ಎಂಬ ಸರಪಣಿಯಲ್ಲಿ. ಇವುಗಳ ಅರ್ಥ ಬಾಯಿಪಾಠ ಮಾಡುವುದಕ್ಕಿಂತ ಒಂದೊಂದಕ್ಕೂ ಎರಡು ವಾಕ್ಯದ ಸ್ವಂತ ಉದಾಹರಣೆ ಬರೆದಿಟ್ಟುಕೊಳ್ಳುವುದು ಹೆಚ್ಚು ಕೆಲಸಕ್ಕೆ ಬರುತ್ತದೆ.

ಟಿಪ್ಪಣಿಗಳ ಪ್ರಶ್ನೆ

ಎಸ್‌ಎಟಿ ಮಾಡ್ಯೂಲಿನ ಕೊನೆಯಲ್ಲಿ ಒಬ್ಬ ವಿದ್ಯಾರ್ಥಿಯ ಟಿಪ್ಪಣಿಗಳು ಎಂದು ನಾಲ್ಕೈದು ಸಾಲು ಕೊಟ್ಟು, ಒಂದು ಉದ್ದೇಶ ಹೇಳಿ, ಅದಕ್ಕೆ ತಕ್ಕ ವಾಕ್ಯ ಯಾವುದು ಎಂದು ಕೇಳುತ್ತಾರೆ. ನೋಡಲು ಉದ್ದ, ಮಾಡಲು ಸುಲಭ. ಟಿಪ್ಪಣಿಗಳನ್ನು ಬಿಟ್ಟು ಉದ್ದೇಶಕ್ಕೆ ಹೋಗಿ.

ಟಿಪ್ಪಣಿಗಳು ಹೀಗಿವೆ ಎಂದುಕೊಳ್ಳಿ: ಈಫೆಲ್ ಗೋಪುರ 1889ರಲ್ಲಿ ಪ್ಯಾರಿಸ್ಸಿನಲ್ಲಿ ತೆರೆಯಿತು, ಅದನ್ನು ಕಟ್ಟಿದ್ದು ಗುಸ್ತಾವ್ ಈಫೆಲ್ ಅವರ ಕಂಪನಿ, ಸ್ವಾತಂತ್ರ್ಯ ದೇವಿಯ ಪ್ರತಿಮೆ 1886ರಲ್ಲಿ ನ್ಯೂಯಾರ್ಕಿನಲ್ಲಿ ಉದ್ಘಾಟನೆಯಾಯಿತು, ಅದರ ಒಳಗಿನ ಕಬ್ಬಿಣದ ಚೌಕಟ್ಟನ್ನು ಈಫೆಲ್ ರೂಪಿಸಿದರು. ಉದ್ದೇಶ ‘ಎರಡರ ನಡುವಿನ ಸಾಮ್ಯವನ್ನು ಒತ್ತಿ ಹೇಳುವುದು’ ಎಂದಿದ್ದರೆ, ಎರಡು ಇಸವಿಗಳನ್ನು ಅಂದವಾಗಿ ಜೋಡಿಸಿದ ವಾಕ್ಯ ನಿಜವೇ ಆದರೂ ಉತ್ತರವಲ್ಲ. ಎರಡರಲ್ಲೂ ಈಫೆಲ್ ಕೈ ಇದೆ ಎನ್ನುವ ವಾಕ್ಯವೇ ಉತ್ತರ. ಇಲ್ಲಿ ಆಯ್ಕೆಗಳು ವ್ಯಾಕರಣದಲ್ಲಿ ಸರಿ, ಸಾಮಾನ್ಯವಾಗಿ ಸಂಗತಿಯಲ್ಲೂ ಸರಿ. ಮೂರು ಬೀಳುವುದು ಉದ್ದೇಶ ಪೂರೈಸದೆ. ಚೆನ್ನಾಗಿ ಬರೆದಿರುವುದಕ್ಕೆ, ಹೆಚ್ಚು ಮಾಹಿತಿ ತುಂಬಿರುವುದಕ್ಕೆ ಮಾರುಹೋಗಬೇಡಿ. ಉದ್ದೇಶದಲ್ಲಿ ಓದುಗರಿಗೆ ವಿಷಯ ‘ಪರಿಚಿತ’ ಎಂದಿದೆಯೋ ‘ಅಪರಿಚಿತ’ ಎಂದಿದೆಯೋ ಎಂಬುದನ್ನು ಎರಡು ಸಲ ನೋಡಿ. ಅಪರಿಚಿತರಿಗೆ ಅದೇನು, ಅವರ್ಯಾರು ಎಂದು ಪರಿಚಯಿಸಬೇಕು. ಪರಿಚಿತರಿಗೆ ಆ ಪರಿಚಯ ಬೇಡ.

ಎಸಿಟಿ ಬರೆಯುವವರಿಗೆ ಇನ್ನಷ್ಟು

ಮೇಲಿನ ನಿಯಮಗಳೆಲ್ಲ ಎಸಿಟಿಗೂ ಸಲ್ಲುತ್ತವೆ. ಅದರ ಜೊತೆ ಪುನರುಕ್ತಿಯನ್ನು ಹಿಡಿಯುವ ಪ್ರಶ್ನೆಗಳು ಬರುತ್ತವೆ. ‘ಆನ್ಯುಯಲಿ ಎವ್ರಿ ಇಯರ್’ ಎಂಬಂಥವು ಸುಲಭ. ಪುನರುಕ್ತಿಯ ಇನ್ನೊಂದು ಅರ್ಧ ಹಿಂದಿನ ವಾಕ್ಯದಲ್ಲಿ ಅಡಗಿರುವಂಥವು ಕಷ್ಟ. ನಾಲ್ಕೂ ವ್ಯಾಕರಣದಲ್ಲಿ ಸರಿ ಇದ್ದು, ಒಂದೇ ಅರ್ಥ ಕೊಡುತ್ತಿದ್ದರೆ ಚಿಕ್ಕದನ್ನು ಆರಿಸಿ. ಯಾವಾಗಲೂ ಚಿಕ್ಕದೇ ಉತ್ತರ ಎಂಬ ಸೂತ್ರವನ್ನು ಮಾತ್ರ ನಂಬಬೇಡಿ. ಅದು ಅರ್ಥ ಬದಲಾಗದಿದ್ದಾಗಷ್ಟೇ ನಿಜ. ‘ನೋ ಚೇಂಜ್’ ಒತ್ತಲು ಹೆದರುವುದೂ ಒಂದು ಸಾಮಾನ್ಯ ತಪ್ಪು. ತಪ್ಪು ಏನೆಂದು ಹೆಸರಿಸಿ ಹೇಳಲಾಗದಿದ್ದರೆ ಬದಲಿಸಬೇಡಿ.

ವಾಕ್ಯ ಸೇರಿಸಬೇಕೇ, ತೆಗೆಯಬೇಕೇ ಎಂಬ ಪ್ರಶ್ನೆಯಲ್ಲಿ ಎರಡು ‘ಹೌದು’, ಎರಡು ‘ಇಲ್ಲ’, ಒಂದೊಂದಕ್ಕೂ ಒಂದು ಕಾರಣ. ಪ್ಯಾರಾದ ಮುಖ್ಯ ವಿಷಯ ಏನು, ಈ ವಾಕ್ಯ ಅದಕ್ಕೆ ಸೇರುತ್ತದೆಯೇ ಎಂದು ತೀರ್ಮಾನಿಸಿ ಮೊದಲು ಎರಡನ್ನು ತೆಗೆಯಿರಿ. ಉಳಿದೆರಡರಲ್ಲಿ ಒಂದರ ಕಾರಣ ಗದ್ಯದ ಬಗ್ಗೆ ಸುಳ್ಳು ಹೇಳುತ್ತಿರುತ್ತದೆ.

ಎಸಿಟಿಯ ಪ್ರಬಂಧ ಐಚ್ಛಿಕ, 40 ನಿಮಿಷ. ಎಸ್‌ಎಟಿಯ ಐಚ್ಛಿಕ ಪ್ರಬಂಧವನ್ನು 2021ರಲ್ಲಿ ನಿಲ್ಲಿಸಿದರು. ಎಸಿಟಿಯಲ್ಲಿ ಒಂದು ವಿಷಯ, ಅದರ ಬಗ್ಗೆ ಮೂರು ದೃಷ್ಟಿಕೋನ ಕೊಡುತ್ತಾರೆ. ನಿಮ್ಮ ನಿಲುವು ಹೇಳಿದರೆ ಸಾಲದು, ಕೊಟ್ಟವುಗಳಲ್ಲಿ ಕನಿಷ್ಠ ಒಂದರ ಜೊತೆ ಅದರ ಸಂಬಂಧವನ್ನು ಚರ್ಚಿಸಬೇಕು. ಇದನ್ನು ಬಿಟ್ಟವರ ಅಂಕ ಇಂಗ್ಲಿಷ್ ಎಷ್ಟು ಚೆನ್ನಾಗಿದ್ದರೂ ಕುಸಿಯುತ್ತದೆ. ಯೋಚನೆಗೆ 8 ನಿಮಿಷ, ಬರೆಯಲು 27, ತಿದ್ದಲು 5 ಎಂದು ಹಂಚಿಕೊಂಡರೆ ಸರಿಹೋಗುತ್ತದೆ. ಮೊದಲು ನೀವು ಬಯಸುವ ಕಾಲೇಜು ಅದನ್ನು ಕೇಳುತ್ತದೆಯೇ ಎಂದು ನೋಡಿ, ಕೇಳದಿದ್ದರೆ ಇದಕ್ಕೆ ಸಮಯ ಸುರಿಯಬೇಡಿ.

ಗಡಿಯಾರದ ಲೆಕ್ಕ

ಎಸ್‌ಎಟಿಯಲ್ಲಿ ಒಂದು ಪ್ರಶ್ನೆಗೆ ಸರಾಸರಿ 71 ಸೆಕೆಂಡು ಸಿಗುತ್ತದೆ. ಎಲ್ಲಕ್ಕೂ ಅಷ್ಟು ಬೇಡ. ವ್ಯಾಕರಣಕ್ಕೆ 30ರಿಂದ 40 ಸೆಕೆಂಡು ಸಾಕು, ಉಳಿದದ್ದು ಓದಿನ ಪ್ರಶ್ನೆಗಳಿಗೆ ಹೋಗಬೇಕು. ಮಾಡ್ಯೂಲಿನಲ್ಲಿ ಪ್ರಶ್ನೆಗಳ ಕ್ರಮ ನಿಗದಿಯಾಗಿದೆ: ಮೊದಲು ಪದ ಮತ್ತು ಓದು, ನಡುವಿನಿಂದಾಚೆಗೆ ವ್ಯಾಕರಣ, ಕೊನೆಗೆ ಜೋಡಿಸುವ ಪದಗಳು ಮತ್ತು ಟಿಪ್ಪಣಿ. ವ್ಯಾಕರಣ ಸಾಮಾನ್ಯವಾಗಿ 14 ಅಥವಾ 15ನೇ ಪ್ರಶ್ನೆಯ ಆಸುಪಾಸಿನಲ್ಲಿ ಶುರುವಾಗುತ್ತದೆ. ಓದಿನಲ್ಲಿ ಸಮಯ ಕಳೆದುಹೋಗಿ ಕೊನೆಯ ಸುಲಭ ಪ್ರಶ್ನೆಗಳು ಉಳಿದುಬಿಡುವವರು ವ್ಯಾಕರಣದಿಂದಲೇ ಶುರುಮಾಡಿ ಕೊನೆಯವರೆಗೆ ಮುಗಿಸಿ, ಆಮೇಲೆ ಒಂದನೇ ಪ್ರಶ್ನೆಗೆ ಬರುವುದು ಲಾಭ. ಮಾಡ್ಯೂಲಿನ ಒಳಗೆ ಹಿಂದೆ ಮುಂದೆ ಹೋಗಬಹುದು. ಒಂದು ಮಾಡ್ಯೂಲ್ ಮುಗಿದ ಮೇಲೆ ಅದಕ್ಕೆ ಮರಳಲಾಗುವುದಿಲ್ಲ. ಈ ಕ್ರಮ ಎಲ್ಲರಿಗೂ ಒಗ್ಗುವುದಿಲ್ಲ, ಎರಡು ಅಭ್ಯಾಸ ಪರೀಕ್ಷೆಗಳಲ್ಲಿ ಪ್ರಯತ್ನಿಸಿ ನೋಡಿ. ಎಸಿಟಿಯಲ್ಲಿ ಪ್ರಶ್ನೆಗೆ 42 ಸೆಕೆಂಡು. ಅಲ್ಲಿ ಗದ್ಯಭಾಗದ ಕ್ರಮದಲ್ಲೇ ಹೋಗುವುದು ಉತ್ತಮ, ಏಕೆಂದರೆ ಅರ್ಥದ ಪ್ರಶ್ನೆಗಳಿಗೆ ಹಿಂದಿನ ಪ್ಯಾರಾ ನೆನಪಿರಬೇಕು.

ಅಭ್ಯಾಸ ಹೇಗೆ

ಪ್ರಶ್ನೆಗಳ ಸಂಖ್ಯೆಯ ಹಿಂದೆ ಓಡಬೇಡಿ. ಎಸ್‌ಎಟಿ ನಡೆಸುವ ಕಾಲೇಜ್ ಬೋರ್ಡ್ ಸಂಸ್ಥೆಯ ಬ್ಲೂಬುಕ್ ಆ್ಯಪಿನಲ್ಲಿ ಪೂರ್ಣ ಅಭ್ಯಾಸ ಪರೀಕ್ಷೆಗಳು ಉಚಿತ, ಖಾನ್ ಅಕಾಡೆಮಿ ಎಂಬ ಕಲಿಕೆಯ ಜಾಲತಾಣದಲ್ಲಿ ನಿಯಮವಾರು ಪಾಠಗಳು ಉಚಿತ. ಹೊರಗಿನವರು ಬರೆದ ಪ್ರಶ್ನೆಗಳಲ್ಲಿ ವಿವಾದದ ಕಾಮಾಗಳು ಸಿಗುತ್ತವೆ, ನಿಜವಾದ ಪರೀಕ್ಷೆಯಲ್ಲಿ ಅಂಥವನ್ನು ಕೇಳುವುದಿಲ್ಲ. ಪೂರ್ಣ ಪರೀಕ್ಷೆಗಳು ಕೆಲವೇ ಇವೆ, ಮೊದಲ ವಾರದಲ್ಲೇ ಎಲ್ಲವನ್ನೂ ಖಾಲಿ ಮಾಡಬೇಡಿ. ಶುರುವಿಗೆ ಒಂದು, ಆಮೇಲೆ ಎರಡು ವಾರಕ್ಕೊಂದು ಸಾಕು. 2016ರಿಂದ 2023ರವರೆಗಿನ ಕಾಗದದ ಎಸ್‌ಎಟಿ ಪ್ರಶ್ನೆಪತ್ರಿಕೆಗಳು ರೂಪದಲ್ಲಿ ಬೇರೆಯಾದರೂ ವಿರಾಮಚಿಹ್ನೆ ಮತ್ತು ವಚನದ ಅಭ್ಯಾಸಕ್ಕೆ ಈಗಲೂ ಒಳ್ಳೆಯವು.

ಒಂದು ನೋಟ್‌ಬುಕ್ಕಿನಲ್ಲಿ ತಪ್ಪಾದ ಪ್ರಶ್ನೆಗಳನ್ನು, ಅದೃಷ್ಟದಿಂದ ಸರಿಯಾದವನ್ನೂ ಸೇರಿಸಿ ಬರೆದಿಡಿ. ಒಂದೊಂದಕ್ಕೂ ಮೂರು ವಿಷಯ ಬೇಕು: ಯಾವ ನಿಯಮ ಕೇಳಿದ್ದರು, ನಾನು ಒತ್ತಿದ ಆಯ್ಕೆ ನನ್ನನ್ನು ಏಕೆ ಸೆಳೆಯಿತು, ಯಾವ ಗುರುತು ಕಂಡಿದ್ದರೆ ತಪ್ಪಿಸಬಹುದಿತ್ತು. ನಡುವಿನದನ್ನೇ ಜನ ಬಿಡುತ್ತಾರೆ, ಹೆಚ್ಚು ಉಪಯೋಗ ಇರುವುದು ಅದರಲ್ಲೇ. ‘ಗೊತ್ತಿತ್ತು, ಅಜಾಗರೂಕತೆ’ ಎಂದು ಬರೆಯುವುದನ್ನು ನಿಷೇಧಿಸಿಕೊಳ್ಳಿ. ವಾಕ್ಯವನ್ನು ಪೂರ್ತಿ ಓದಲಿಲ್ಲವೋ, ಕರ್ತೃ ಸಿಗಲಿಲ್ಲವೋ, ಬೇಲಿಯ ಇನ್ನೊಂದು ತುದಿ ನೋಡಲಿಲ್ಲವೋ ಎಂದು ಬಿಡಿಸಿ ಬರೆಯಿರಿ. ವಾರದ ನಂತರ ಉತ್ತರ ಮುಚ್ಚಿ ಅದೇ ಪ್ರಶ್ನೆಗಳನ್ನು ಮತ್ತೆ ಬಿಡಿಸಿ. ಈ ಸಲ ಉಳಿದ ಮೂರು ಆಯ್ಕೆಗಳು ಏಕೆ ತಪ್ಪು ಎಂಬುದನ್ನೂ ನಿಯಮದ ಹೆಸರು ಹಿಡಿದು ಬಾಯಿಬಿಟ್ಟು ಹೇಳಿ; ಎಲ್ಲಿ ಮಾತು ತಡವರಿಸುತ್ತದೋ ಮುಂದಿನ ವಾರದ ಪಾಠ ಅಲ್ಲಿಂದ ಶುರು.